ಪ್ರವೇಶ ಪರೀಕ್ಷೆಗೆ ಈಗಲೇ ಒಂದು ನೋಟುಪುಸ್ತಕ

ಪ್ರತಿವರ್ಷವೂ ರಕ್ಷಕರ ಸಭೆಯಲ್ಲಿ ನಮಗೆ ಎದುರಾಗುವ ಪ್ರಶ್ನೆಯೊಂದಿದೆ: “ಮಾಷ್ಟ್ರೇ, ಕನ್ನಡದಲ್ಲಿ ಕಲಿತ ನಮ್ಮ ಮಕ್ಕಳು ಆ ದೊಡ್ಡ ಪರೀಕ್ಷೆಗಳಲ್ಲಿ ಗೆದ್ದಾರೆಯೆ?” ಗೆಲ್ಲಬಲ್ಲರು ಎಂದೇ ನಮ್ಮ ಉತ್ತರ. ಆದರೆ ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದರೆ ಸಾಲದು. ಸಿದ್ಧತೆ ಹೈಸ್ಕೂಲಿನಲ್ಲೇ ಮೊದಲಾಗಬೇಕು.

ವೈದ್ಯಕೀಯ ಶಿಕ್ಷಣಕ್ಕಾಗಿ ದೇಶಕ್ಕೆಲ್ಲ ಒಂದೇ ಆಗಿ ನಡೆಯುವ ನೀಟ್ ಪರೀಕ್ಷೆಯನ್ನೇ ನೋಡೋಣ. 2017ರಿಂದ ಅದರಲ್ಲಿ ಕನ್ನಡ ಪ್ರಶ್ನೆಪತ್ರಿಕೆಯೂ ಉಂಟು. ಆದರೆ 2025ರ ನಿಯಮದಂತೆ ಅದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕೇರಳದ ಕೇಂದ್ರದಲ್ಲಿ ಬರೆಯುವವರು ಇಂಗ್ಲಿಷ್, ಹಿಂದಿ, ಉರ್ದು, ಮಲಯಾಳ ಇವುಗಳಲ್ಲಿ ಒಂದನ್ನು ಆರಿಸಬೇಕು. ಹಾಗಾಗಿ ಕಾಸರಗೋಡಿನ ನಮ್ಮ ಮಕ್ಕಳು ಕನ್ನಡದಲ್ಲಿ ಅರಿತುದನ್ನು ಬೇರೊಂದು ಭಾಷೆಯಲ್ಲಿ ಗುರುತಿಸಬೇಕಾಗುತ್ತದೆ. ಅರಿವು ಹೊಸದಾಗಿ ಬೇಕಾಗಿಲ್ಲ. ಅದರ ಇನ್ನೊಂದು ಹೆಸರು ಬೇಕು.

ಅದಕ್ಕಾಗಿ ಎಂಟನೆಯ ತರಗತಿಯಿಂದಲೇ ಒಂದು ನೋಟುಪುಸ್ತಕ ಇಡಿರಿ. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ, ಕೆಳಗೆ ಒಂದು ಉದಾಹರಣೆ ಬರೆಯಿರಿ. ಜವ ಎಂದರೆ ಸ್ಪೀಡ್, ವೇಗ ಎಂದರೆ ವೆಲಾಸಿಟಿ. ಹುಡುಗನೊಬ್ಬ 400 ಮೀಟರಿನ ಓಟದ ಪಥವನ್ನು 100 ಸೆಕೆಂಡಿನಲ್ಲಿ ಸುತ್ತಿ ಹೊರಟ ಜಾಗಕ್ಕೇ ಬಂದನೆನ್ನಿ. ಅವನ ಸರಾಸರಿ ಜವ ಸೆಕೆಂಡಿಗೆ 4 ಮೀಟರ್. ಸರಾಸರಿ ವೇಗವಾದರೋ ಸೊನ್ನೆ! ಹೊರಟಲ್ಲಿಗೇ ಬಂದುದರಿಂದ ಸ್ಥಾನಪಲ್ಲಟವೇ ಇಲ್ಲವಷ್ಟೆ? ಇದನ್ನು ಕನ್ನಡದಲ್ಲಿ ಚೆನ್ನಾಗಿ ತಿಳಿದವನಿಗೆ ಇಂಗ್ಲಿಷ್ ಪ್ರಶ್ನೆ ಬಂದರೂ ಭಯವಿಲ್ಲ. ತಿಳಿಯದೆ ಇಂಗ್ಲಿಷ್ ಸೂತ್ರವನ್ನು ಬಾಯಿಪಾಠ ಮಾಡಿದವನು ಎರಡು ಭಾಷೆಯಲ್ಲೂ ತಡವರಿಸುತ್ತಾನೆ. ದಿನಕ್ಕೆ ಐದು ಪದ ಸಾಕು.

ಪ್ಲಸ್ ಟು ತಲುಪಿದವರಿಗೆ ಮುಂದಿನ ಅಭ್ಯಾಸ ಕಾಲದ್ದು. 2025ರ ನೀಟ್‌ನಲ್ಲಿ 180 ಪ್ರಶ್ನೆಗಳಿಗೆ 180 ನಿಮಿಷಗಳಿದ್ದವು. ಪರೀಕ್ಷೆ ಮಧ್ಯಾಹ್ನ 2ರಿಂದ 5ರ ವರೆಗೆ ನಡೆಯಿತು. ಊಟ ಮುಗಿಸಿ ಕಣ್ಣು ಎಳೆಯುವ ಹೊತ್ತದು! ಆದುದರಿಂದ ರಜಾದಿನಗಳಲ್ಲಿ ಅದೇ ವೇಳೆಗೆ ಕುಳಿತು, ಗಡಿಯಾರ ಮುಂದಿಟ್ಟು, ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಪೂರ್ತಿ ಬಿಡಿಸಿರಿ.

ಊಹೆಗೂ ಒಂದು ಲೆಕ್ಕವಿದೆ. ಸರಿಯುತ್ತರಕ್ಕೆ 4 ಅಂಕ; ತಪ್ಪಿದರೆ 1 ಅಂಕ ಕಡಿತ. ಏನೂ ತಿಳಿಯದ ನಾಲ್ಕು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ, ಸರಾಸರಿಯಲ್ಲಿ ಒಂದು ಸರಿ, ಮೂರು ತಪ್ಪು. ಉಳಿಯುವುದು ಒಂದೇ ಅಂಕ, ಅದೂ ಅದೃಷ್ಟವಿದ್ದರೆ. ನಾಲ್ಕು ಉತ್ತರಗಳಲ್ಲಿ ಎರಡು ಖಂಡಿತ ತಪ್ಪೆಂದು ತಿಳಿದಿದ್ದರೆ, ಅಂಥ ನಾಲ್ಕು ಪ್ರಶ್ನೆಗಳಿಂದ ಸರಾಸರಿ 6 ಅಂಕ ಬರುತ್ತದೆ. ಅರ್ಧ ತಿಳಿದದ್ದಕ್ಕೂ ಬೆಲೆಯಿದೆ ಎಂಬುದನ್ನು ಇದರಿಂದ ತಿಳಿಯಬೇಕು.

ಬಿಡಿಸಿದ ಬಳಿಕ ತಪ್ಪುಗಳನ್ನು ವಿಂಗಡಿಸಿರಿ: ತಿಳಿಯದೆ ಆದವು, ಲೆಕ್ಕದಲ್ಲಿ ಎಡವಿದವು, ‘ಸರಿಯಲ್ಲದ್ದು ಯಾವುದು’ ಎಂದಿದ್ದನ್ನು ‘ಸರಿಯಾದದ್ದು’ ಎಂದು ಓದಿದವು. ಮೊದಲನೆಯದಕ್ಕೆ ಮತ್ತೆ ಪಾಠ, ಎರಡನೆಯದಕ್ಕೆ ಅಭ್ಯಾಸ, ಮೂರನೆಯದಕ್ಕೆ ಸಾವಧಾನವೇ ಮದ್ದು.

ಹಾಗೆಂದು ಕನ್ನಡವನ್ನು ಕಡೆಗಣಿಸಬೇಡಿ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದ್ದು, ಅದರಡಿ ಸೀಟು ಬಯಸುವವರು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಅಲ್ಲಿ ನಮ್ಮ ನುಡಿಯೇ ಬಾಗಿಲು ತೆರೆಯುವ ಕೀಲಿಕೈ. ನಿಯಮಗಳು ಬದಲಾಗುವುದುಂಟು, ಅರ್ಜಿ ಹಾಕುವ ವರ್ಷದ ಸೂಚನೆಗಳನ್ನು ಹೆತ್ತವರೂ ಮಕ್ಕಳೂ ಜೊತೆಯಾಗಿ ಓದಬೇಕು.

ಹೆತ್ತವರಲ್ಲಿ ಇನ್ನೊಂದು ಮಾತು. ಇಂಗ್ಲಿಷ್ ಬಾರದೆ ನಾವೇನು ನೆರವಾದೇವು ಎನ್ನಬೇಡಿ. ರಾತ್ರಿ ಊಟದ ಬಳಿಕ ಮಗುವನ್ನು ಕರೆದು, “ಇಂದಿನ ಐದು ಪದ ಯಾವುವು? ನಮಗೂ ತಿಳಿಸಿ ಹೇಳು” ಎನ್ನಿ. ನಿಮಗೆ ಅರ್ಥವಾಗುವಂತೆ ಕನ್ನಡದಲ್ಲಿ ಹೇಳಬಲ್ಲ ಮಗು ಪಾಠವನ್ನು ನಿಜವಾಗಿ ಕಲಿತಿದೆ. ಮಕ್ಕಳೇ, ಆ ನೋಟುಪುಸ್ತಕದ ಮೊದಲ ಪುಟ ಇಂದೇ ತುಂಬಲಿ.