ಫ್ಯಾಕ್ಸ್ ಯಂತ್ರವೂ ಅಂತರಜಾಲವೂ

ಕಾಗದದ ಮೇಲಿನ ಬರಹವನ್ನಾಗಲಿ ಚಿತ್ರವನ್ನಾಗಲಿ ಇದ್ದುದಿದ್ದಂತೆ ತಂತಿಯ ಮೂಲಕ ದೂರದ ಊರಿಗೆ ಮುಟ್ಟಿಸತಕ್ಕ ವಿಧಾನಕ್ಕೆ ಫ್ಯಾಕ್ಸ್ ಎಂದು ಹೆಸರು. ಇಂದಿನ ವಿದ್ಯಾರ್ಥಿಗಳಲ್ಲಿ ಹಲವರು ಈ ಯಂತ್ರವನ್ನು ಕಣ್ಣಾರೆ ಕಂಡಿರಲಾರರು. ಅದರ ಕಾಲ ಮುಗಿಯಿತೆಂದು ಭಾವಿಸುವವರೂ ಉಂಟು. ಆದರೆ ಅನೇಕ ದೇಶಗಳ ಆಸ್ಪತ್ರೆಗಳಲ್ಲಿಯೂ ವಕೀಲರ ಕಚೇರಿಗಳಲ್ಲಿಯೂ ಅದು ಇನ್ನೂ ಬಳಕೆಯಲ್ಲಿದೆ. ಬದಲಾಗುತ್ತಿರುವುದು ಅದು ನೆಚ್ಚಿಕೊಂಡಿದ್ದ ತಂತಿ. ತಾಮ್ರದ ತಂತಿಯ ಹಳೆಯ ದೂರವಾಣಿ ಜಾಲವನ್ನು ಮುಚ್ಚಿ, ಮಾತನ್ನೂ ಅಂತರಜಾಲದ ಮೂಲಕವೇ ಸಾಗಿಸುವ ಏರ್ಪಾಡು ದೇಶದೇಶಗಳಲ್ಲಿ ನಡೆದಿದೆ. ಹೀಗೆ ತಂತಿ ಬದಲಾದ ಕಚೇರಿಗಳಲ್ಲಿ ಒಂದು ವಿಚಿತ್ರ ಕಂಡುಬರುವುದುಂಟು. ಮಾತು ಮೊದಲಿನಂತೆಯೇ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಅದೇ ದಾರಿಯಲ್ಲಿ ಕಳುಹಿಸಿದ ಫ್ಯಾಕ್ಸು ಮೊದಲ ಕೆಲವು ಹಾಳೆಗಳವರೆಗೆ ಸರಿಯಾಗಿ ಹೋಗಿ, ನಡುವೆ ಕಡಿದು ಬೀಳುತ್ತದೆ. ಮಾತಿಗೆ ಸಾಕಾದ ದಾರಿ ಫ್ಯಾಕ್ಸಿಗೆ ಏಕೆ ಸಾಲದು?

ಇದಕ್ಕೆ ಉತ್ತರ ಬೇಕಾದರೆ ಫ್ಯಾಕ್ಸಿನ ಮೂಲತತ್ತ್ವಕ್ಕೇ ಹೋಗಬೇಕು. ಈ ಸಾಧನ ದೂರವಾಣಿಗಿಂತಲೂ ಹಳೆಯದು. ಬೆಲ್ ತನ್ನ ದೂರವಾಣಿಗೆ ಹಕ್ಕುಪತ್ರ ಪಡೆದದ್ದು 1876ರಲ್ಲಿ. ಅದಕ್ಕೆ ಮೂವತ್ತಮೂರು ವರ್ಷಗಳಷ್ಟು ಮುಂಚೆ, 1843ರಲ್ಲಿಯೇ, ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ ಎಂಬಾತ ಚಿತ್ರವನ್ನು ತಂತಿಯಲ್ಲಿ ಕಳುಹಿಸುವ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದ. ಬೇನ್ ಕಸುಬಿನಿಂದ ಗಡಿಯಾರ ಮಾಡುವವನು. ಈ ಉಪಾಯ ಗಡಿಯಾರದವನೊಬ್ಬನಿಗೆ ಹೊಳೆದದ್ದು ಸಹಜವೇ ಆಗಿದೆ. ಹೇಗೆಂದರೆ, ಚಿತ್ರಕ್ಕೆ ಉದ್ದವೂ ಉಂಟು, ಅಗಲವೂ ಉಂಟು. ತಂತಿಯಲ್ಲಿ ಹರಿಯುವ ವಿದ್ಯುತ್ಪ್ರವಾಹವಾದರೋ ಕಾಲದೊಡನೆ ಹೆಚ್ಚುಕಡಮೆಯಾಗುವ ಒಂದೇ ಪರಿಮಾಣ. ಆದುದರಿಂದ ಚಿತ್ರವನ್ನು ಸಾಲುಸಾಲಾಗಿ ಸವರಿ, ಪ್ರತಿಯೊಂದು ಬಿಂದುವಿನ ಸ್ಥಾನವನ್ನೂ ಕಾಲವನ್ನಾಗಿ ಮಾರ್ಪಡಿಸಿ ಕಳುಹಿಸಬೇಕು. ಪಡೆಯುವ ಕಡೆಯಲ್ಲಿ ಆ ಕಾಲವನ್ನು ಮತ್ತೆ ಸ್ಥಾನವನ್ನಾಗಿ ಬಿಡಿಸಿಕೊಳ್ಳಬೇಕು. ಬೇನ್ ಎರಡೂ ಕಡೆ ಒಂದೊಂದು ಲೋಲಕವನ್ನು ತೂಗಬಿಟ್ಟ. ಒಂದು ಲೋಲಕದ ಮೊನೆ ಲೋಹದ ಅಕ್ಷರಗಳ ಮೇಲೆ ಸವರುತ್ತಿದ್ದರೆ, ಇನ್ನೊಂದರ ಮೊನೆ ರಾಸಾಯನಿಕದಲ್ಲಿ ತೊಯ್ದ ಕಾಗದದ ಮೇಲೆ ಸವರಿ, ಪ್ರವಾಹ ಬಂದೆಡೆ ಕಲೆ ಮೂಡಿಸುತ್ತಿತ್ತು. ಎರಡು ಲೋಲಕಗಳು ಹೆಜ್ಜೆ ತಪ್ಪಿದರೆ ಅಕ್ಷರಗಳು ಓರೆಯಾಗಿ ಚಿತ್ರವೇ ಕೆಡುವುದು. ಇದೇ ಲೋಲಕತತ್ತ್ವವನ್ನು ಸುಧಾರಿಸಿದ ಇಟಲಿಯ ಪಾದ್ರಿ ಕಾಸೆಲ್ಲಿಯ ಯಂತ್ರಗಳು 1865ರಲ್ಲಿ ಪ್ಯಾರಿಸ್ ಮತ್ತು ಲಿಯಾನ್ ನಗರಗಳ ನಡುವೆ ಸಾರ್ವಜನಿಕರ ಉಪಯೋಗಕ್ಕೆ ಬಂದುವು. ಅಂದಿನಿಂದ ಇಂದಿನವರೆಗೆ ಫ್ಯಾಕ್ಸಿಗೆ ಬೇಕಾದುದು ಇದೇ: ದೂರದೂರ ಇರುವ ಎರಡು ಗಡಿಯಾರಗಳು ಒಂದೇ ತಾಳದಲ್ಲಿ ನಡೆಯಬೇಕು.

ಕಚೇರಿಗಳಲ್ಲಿ ಮನೆಮಾತಾದ ಯಂತ್ರವು 1980ರಲ್ಲಿ ಅಂಗೀಕೃತವಾದ 'ಮೂರನೆಯ ಗುಂಪಿನ' ಕಟ್ಟಳೆಯನ್ನು ಅನುಸರಿಸತಕ್ಕದ್ದು. ಅದು ಹಾಳೆಯ ಅಗಲವನ್ನು 1728 ಬಿಂದುಗಳಾಗಿಯೂ, ಉದ್ದವನ್ನು ಮಿಲಿಮೀಟರಿಗೆ 3.85 ಗೆರೆಗಳಾಗಿಯೂ ವಿಭಾಗಿಸುತ್ತದೆ. 297 ಮಿಲಿಮೀಟರ್ ಉದ್ದದ ಹಾಳೆಯಲ್ಲಿ ಸುಮಾರು 1143 ಗೆರೆಗಳು, ಅಂದರೆ ಹತ್ತಿರ ಹತ್ತಿರ 20 ಲಕ್ಷ ಬಿಂದುಗಳು. ಬಿಂದುವಿಗೊಂದು ಬಿಟ್‌ನಂತೆ, ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಕಳುಹಿಸಿದರೆ ಮೂರೂವರೆ ನಿಮಿಷ ಹಿಡಿಯುತ್ತದೆ. ಆದರೆ ಪತ್ರದ ಹೆಚ್ಚು ಭಾಗ ಬರಿಯ ಬಿಳುಪು ತಾನೆ? ಆದಕಾರಣ ಬಿಂದುಗಳನ್ನು ಒಂದೊಂದಾಗಿ ಹೇಳದೆ, 'ಇಷ್ಟು ಬಿಳಿ, ಆಮೇಲೆ ಇಷ್ಟು ಕಪ್ಪು' ಎಂದು ಎಣಿಸಿ ಹೇಳುತ್ತಾರೆ. ಹೆಚ್ಚಾಗಿ ಬರುವ ಎಣಿಕೆಗಳಿಗೆ ಗಿಡ್ಡ ಸಂಕೇತ, ಅಪರೂಪದವುಗಳಿಗೆ ಉದ್ದ ಸಂಕೇತ. ಪೂರ್ತಿ ಬಿಳಿಯಾದ 1728 ಬಿಂದುಗಳ ಗೆರೆಯೊಂದಕ್ಕೆ 17 ಬಿಟ್‌ಗಳೂ, ಗೆರೆ ಮುಗಿಯಿತೆಂಬ ಗುರುತಿಗೆ 12 ಬಿಟ್‌ಗಳೂ ಸೇರಿ ಒಟ್ಟು 29 ಬಿಟ್‌ಗಳು ಸಾಕು. ಸಾಮಾನ್ಯ ಪತ್ರವೊಂದು ನಿಮಿಷದೊಳಗೆ ಹೋಗಿ ಸೇರುವುದು ಈ ಜಾಣತನದಿಂದ.

ಈ ಬಿಟ್‌ಗಳು ತಂತಿಯಲ್ಲಿ ಹೋಗುವುದು ಶಬ್ದದ ರೂಪದಲ್ಲಿ. ದೂರವಾಣಿಯ ತಂತಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ ಸಾಗಿಸುವುದರಿಂದ, ಫ್ಯಾಕ್ಸ್ ಯಂತ್ರವೂ ಆ ಎಲ್ಲೆಯೊಳಗೇ ಹಾಡಬೇಕಾಯಿತು. ಕರೆದ ಯಂತ್ರ 1100 ಹರ್ಟ್ಸ್‌ನಲ್ಲಿ ಬಿಟ್ಟುಬಿಟ್ಟು ಕೂಗುತ್ತದೆ. ಕರೆ ಸ್ವೀಕರಿಸಿದ ಯಂತ್ರ 2100 ಹರ್ಟ್ಸ್‌ನಲ್ಲಿ ಓಗೊಡುತ್ತದೆ. ಆ ಬಳಿಕ ಎರಡೂ ನಿಧಾನವಾಗಿ, ಸೆಕೆಂಡಿಗೆ 300 ಬಿಟ್‌ಗಳಂತೆ, ತಮ್ಮತಮ್ಮ ಶಕ್ತಿಸಾಮರ್ಥ್ಯಗಳನ್ನು ಹೇಳಿಕೊಂಡು, ಒಂದೂವರೆ ಸೆಕೆಂಡಿನ ಪರೀಕ್ಷೆ ನಡೆಸಿ, ವೇಗವನ್ನು ಗೊತ್ತುಮಾಡಿಕೊಳ್ಳುತ್ತವೆ. 9600ರ ವೇಗದಲ್ಲಿ 1700 ಹರ್ಟ್ಸ್ ತರಂಗವೊಂದರ ಪ್ರಾವಸ್ಥೆಯೂ ಪಾರವೂ ಸೆಕೆಂಡಿಗೆ 2400 ಸಲ ಬದಲಾಗುತ್ತವೆ. ಪ್ರತಿ ಬದಲಾವಣೆಯೂ ನಾಲ್ಕು ಬಿಟ್‌ಗಳನ್ನು ಹೊರುತ್ತದೆ. ಬೇನನ ಲೋಲಕದ ಕೆಲಸ ಈಗ ಈ 2400ರ ತಾಳಕ್ಕೆ ಬಂದಿತು. ಗ್ರಾಹಕಯಂತ್ರವು ಕೇಳಿಬರುವ ಶಬ್ದದಿಂದಲೇ ಆ ತಾಳವನ್ನು ಹಿಡಿದುಕೊಳ್ಳಬೇಕು.

ಹಳೆಯ ದೂರವಾಣಿ ಜಾಲದಲ್ಲಿ ಇದು ಕಷ್ಟವಾಗಿರಲಿಲ್ಲ. ಕರೆ ಮುಗಿಯುವವರೆಗೆ ಒಂದು ದಾರಿ ಇಬ್ಬರಿಗಾಗಿಯೇ ಮೀಸಲು. ವಿನಿಮಯ ಕೇಂದ್ರಗಳು ಅಂಕೀಯವಾದ ಮೇಲೆ, ಶಬ್ದವನ್ನು ಸೆಕೆಂಡಿಗೆ 8000 ಸಲ ಅಳೆದು, ಅಳತೆಯೊಂದಕ್ಕೆ 8 ಬಿಟ್‌ನಂತೆ 64,000 ಬಿಟ್‌ಗಳಾಗಿ ಸಾಗಿಸುತ್ತಿದ್ದರು. ಆ ಅಳತೆಯ ಗಡಿಯಾರಗಳನ್ನೆಲ್ಲ ಹತ್ತು ಸಾವಿರ ಕೋಟಿಯಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತಪ್ಪದ ಪರಮಾಣು ಗಡಿಯಾರಗಳಿಗೆ ಹೊಂದಿಸಿದ್ದರು. ಫ್ಯಾಕ್ಸು ಕೇಳದೆಯೇ ಅದಕ್ಕೆ ದೊರೆತ ಉಪಕಾರ ಇದು.

ಅಂತರಜಾಲದಲ್ಲಿ ಮೀಸಲು ದಾರಿಯಿಲ್ಲ. ಶಬ್ದವನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪೊಟ್ಟಣ ಕಟ್ಟಿ, ಒಂದೊಂದನ್ನೂ ಬೇರೆಬೇರೆಯಾಗಿ ಸಾಗಹಾಕುತ್ತಾರೆ. ಒಂದು ಬೇಗ ಬರುತ್ತದೆ, ಒಂದು ತಡವಾಗಿ. ಒಂದೊಂದು ಬರುವುದೇ ಇಲ್ಲ. ಮಾತಿನಲ್ಲಿ ಐವತ್ತರಲ್ಲೊಂದು ಭಾಗ ಸೆಕೆಂಡು ಕಳೆದುಹೋದರೆ, ಯಂತ್ರ ಹಿಂದಿನ ಧ್ವನಿಯನ್ನೇ ಮುಂದುವರಿಸಿ ತೇಪೆ ಹಾಕುತ್ತದೆ. ನಮ್ಮ ಕಿವಿಗೆ ಅದು ತಿಳಿಯುವುದಿಲ್ಲ. ಫ್ಯಾಕ್ಸಿಗಾದರೋ ಅದೇ ತುಣುಕಿನಲ್ಲಿ 192 ಬಿಟ್‌ಗಳಿರುತ್ತವೆ. ಅವು ಹೋದರೆ ಗೆರೆಗಳು ಕೆಡುವುದು ಒತ್ತಟ್ಟಿಗಿರಲಿ, ಮೋಡೆಮ್ಮಿನ ತಾಳವೇ ತಪ್ಪಬಹುದು. ಕೆಲವು ಏರ್ಪಾಡುಗಳಲ್ಲಿ ಮಾತನ್ನು ಸೆಕೆಂಡಿಗೆ 8000 ಬಿಟ್‌ಗಳಿಗೆ ಇಳಿಸುವುದೂ ಉಂಟು. ಮನುಷ್ಯನ ಕಂಠದ ಲಕ್ಷಣಗಳನ್ನು ಅನುಸರಿಸಿ ಮಾಡಿದ ಆ ಸಂಕೋಚನೆಯಲ್ಲಿ ಫ್ಯಾಕ್ಸಿನ ಹಾಡು ಗುರುತು ಸಿಗದಂತಾಗುತ್ತದೆ.

ಪೊಟ್ಟಣ ಒಂದೂ ಕಳೆಯದಿದ್ದರೂ ಗಡಿಯಾರದ ಕಾಟ ತಪ್ಪಿದ್ದಲ್ಲ. ಕಳುಹಿಸುವ ಪೆಟ್ಟಿಗೆಗೂ ಪಡೆಯುವ ಪೆಟ್ಟಿಗೆಗೂ ಅದರದರದೇ ಸ್ಫಟಿಕ ಗಡಿಯಾರ. ಎರಡಕ್ಕೂ ಹತ್ತು ಲಕ್ಷದಲ್ಲಿ 50 ಭಾಗದ ವ್ಯತ್ಯಾಸವಿದೆಯೆನ್ನೋಣ. 8000 ಅಳತೆಗಳಲ್ಲಿ ಅದು ಸೆಕೆಂಡಿಗೆ 0.4 ಅಳತೆಯಷ್ಟು. ಪೊಟ್ಟಣವೊಂದರಲ್ಲಿ 160 ಅಳತೆಗಳಿರುವುದರಿಂದ, 400 ಸೆಕೆಂಡುಗಳಲ್ಲಿ, ಎಂದರೆ ಆರು ನಿಮಿಷ ನಲವತ್ತು ಸೆಕೆಂಡುಗಳಲ್ಲಿ, ಒಂದು ಪೊಟ್ಟಣ ಹೆಚ್ಚಾಗುತ್ತದೆ ಇಲ್ಲವೆ ಕಡಮೆ ಬೀಳುತ್ತದೆ. ಎರಡು ಹಾಳೆಯ ಪತ್ರ ಅಷ್ಟರೊಳಗೆ ಹೋಗಿ ಮುಟ್ಟಿರುತ್ತದೆ. ಇಪ್ಪತ್ತು ಹಾಳೆಯ ರೋಗವಿವರಣೆ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ. ಕಚೇರಿಯವರು ಯಂತ್ರವನ್ನು ಬೈದು ಇನ್ನೊಂದನ್ನು ಕೊಂಡು ತಂದರೂ ಫಲವಿಲ್ಲ.

ಈ ಇಡೀ ಏರ್ಪಾಡಿನಲ್ಲಿ ಹಾಸ್ಯಾಸ್ಪದವಾದ ಸಂಗತಿಯೊಂದಿದೆ. 9600 ಬಿಟ್‌ಗಳನ್ನು ಶಬ್ದವಾಗಿಸಿ, ಆ ಶಬ್ದವನ್ನು 64,000 ಬಿಟ್‌ಗಳಾಗಿಸಿ, ಬಿಟ್‌ಗಳನ್ನೇ ಸಾಗಿಸಲು ಹುಟ್ಟಿದ ಜಾಲದಲ್ಲಿ ಕಳುಹಿಸುತ್ತಿದ್ದೇವೆ! ಮೊದಲಿನ 9600ನ್ನೇ ನೇರವಾಗಿ ಕಳುಹಿಸಬಾರದೇಕೆ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಅಂಗೀಕರಿಸಿದ ಟಿ.38 ಎಂಬ ಕಟ್ಟಳೆ ಮಾಡುವುದು ಇದನ್ನೇ. ಯಂತ್ರದ ಬಳಿಯಿರುವ ದ್ವಾರಪೆಟ್ಟಿಗೆ ಅದರ ಹಾಡನ್ನು ಅಲ್ಲೇ ಬಿಡಿಸಿ ಬಿಟ್‌ಗಳನ್ನು ಮಾತ್ರ ಪೊಟ್ಟಣ ಕಟ್ಟುತ್ತದೆ. ಆಚೆಯ ಪೆಟ್ಟಿಗೆ ಅವನ್ನು ಮತ್ತೆ ಹಾಡಿ ತೋರಿಸುತ್ತದೆ. ಪ್ರತಿ ಪೊಟ್ಟಣದಲ್ಲಿಯೂ ಅದರ ಹಿಂದಿನವುಗಳ ನಕಲನ್ನು ಸೇರಿಸಬಹುದಾದ್ದರಿಂದ, ಒಂದು ಕಳೆದರೆ ಮುಂದಿನದರಿಂದ ಹೆಕ್ಕಿಕೊಳ್ಳಬಹುದು. ಗಡಿಯಾರಗಳ ತಾಳವು ಯಂತ್ರಕ್ಕೂ ಪೆಟ್ಟಿಗೆಗೂ ನಡುವಿನ ನಾಲ್ಕು ಮಾರು ತಂತಿಯಲ್ಲಿ ಕೂಡಿದ್ದರಾಯಿತು.

ಇನ್ನೊಂದು ಹೆಜ್ಜೆ ಮುಂದಿಟ್ಟರೆ ಯಂತ್ರವೇ ಬೇಡವಾಗುತ್ತದೆ. ಫ್ಯಾಕ್ಸ್ ಸರ್ವರ್ ಎಂಬ ಗಣಕವು ಕಚೇರಿಯ ನೂರಾರು ಮಂದಿಯ ಪರವಾಗಿ ಕೆಲವೇ ದಾರಿಗಳನ್ನು ಇಟ್ಟುಕೊಂಡು, ಅವರ ಕಡತಗಳನ್ನು 1728 ಬಿಂದುಗಳ ಗೆರೆಗಳಾಗಿ ತಾನೇ ಮಾರ್ಪಡಿಸಿ ಕಳುಹಿಸುತ್ತದೆ. ಆಚೆಯ ಯಂತ್ರ ಬಿಡುವಿಲ್ಲದಿದ್ದರೆ ಕಾದಿದ್ದು ಮತ್ತೆ ಕರೆಯುತ್ತದೆ. ಬಂದುದನ್ನು ಸಂಬಂಧಪಟ್ಟವರ ಇ-ಮೇಲಿಗೆ ಹಾಕುತ್ತದೆ. ಬ್ರಿಟನ್ನಿನಲ್ಲಿ ಈ ಸ್ಥಿತ್ಯಂತರ ಕಣ್ಣಿಗೆ ಕಾಣುವಂತೆ ನಡೆದಿದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಎಂಟು ಸಾವಿರಕ್ಕೂ ಮಿಕ್ಕ ಫ್ಯಾಕ್ಸ್ ಯಂತ್ರಗಳಿವೆಯೆಂದು 2018ರ ಸಮೀಕ್ಷೆಯಲ್ಲಿ ಕಂಡುಬಂದಾಗ, ಹೊಸ ಯಂತ್ರಗಳನ್ನು 2019ರ ಜನವರಿಯಿಂದ ಕೊಳ್ಳಕೂಡದೆಂದೂ, ಇದ್ದವನ್ನು 2020ರ ಮಾರ್ಚಿಯೊಳಗೆ ಕೈಬಿಡಬೇಕೆಂದೂ ಆಜ್ಞೆಯಾಯಿತು. ಹಳೆಯ ದೂರವಾಣಿ ಜಾಲವನ್ನು 2025ರ ಕೊನೆಗೆ ಮುಚ್ಚಬೇಕೆಂದಿದ್ದುದನ್ನು 2024ರಲ್ಲಿ 2027ರ ಜನವರಿಗೆ ಮುಂದೂಡಲಾಯಿತು. ತಂತಿಯನ್ನೇ ನಂಬಿದ ವೃದ್ಧರ ತುರ್ತುಕರೆಯ ಉಪಕರಣಗಳ ಚಿಂತೆ ಈ ವಿಳಂಬಕ್ಕೆ ದೊಡ್ಡ ಕಾರಣ.

ಸರ್ವರ್ ಬಂದದ್ದರಿಂದ ರೋಗಿಯ ವಿವರದ ಹಾಳೆ ಹೋಗಿಬರುವವರ ಕಣ್ಣಿಗೆ ಬೀಳುವಂತೆ ಯಂತ್ರದ ತಟ್ಟೆಯಲ್ಲಿ ಬಿದ್ದಿರುವುದು ತಪ್ಪಿತು, ಇದು ಲಾಭವೇ. ಆದರೆ ಮೀಸಲು ದಾರಿಯ ಗೋಪ್ಯತೆಯೂ ಅದರೊಡನೆ ಹೋಯಿತು. ಗೂಢಲಿಪಿಯ ಮುಸುಕಿಲ್ಲದೆ ಹೊರಟ ಪೊಟ್ಟಣವನ್ನು ದಾರಿಯಲ್ಲಿ ಇಣುಕಿ ನೋಡಬಹುದು. ಈ ಕಾರಣದಿಂದಲೇ ಜರ್ಮನಿಯ ಬ್ರೆಮೆನ್ ರಾಜ್ಯದ ದತ್ತಾಂಶ ರಕ್ಷಣಾಧಿಕಾರಿಗಳು 2021ರಲ್ಲಿ, ಆರೋಗ್ಯವೇ ಮೊದಲಾದ ಸೂಕ್ಷ್ಮ ವಿವರಗಳನ್ನು ಫ್ಯಾಕ್ಸಿನಲ್ಲಿ ಕಳುಹಿಸಲಾಗದೆಂದು ಸಾರಿದರು. ಆಚೆಯ ಕೊನೆಯಲ್ಲಿರುವುದು ಯಂತ್ರವೋ, ಬಂದುದನ್ನು ಇ-ಮೇಲಿಗೆ ದಾಟಿಸುವ ಸರ್ವರೋ ಎಂಬುದು ಕಳುಹಿಸುವವನಿಗೆ ತಿಳಿಯದೆಂಬುದೂ ಅವರ ಆಕ್ಷೇಪಗಳಲ್ಲಿ ಒಂದು.

ಈ ಎರಡನೆಯ ಆಕ್ಷೇಪ ಇನ್ನೊಂದು ವಿಷಯಕ್ಕೂ ಸಲ್ಲುತ್ತದೆ. ಹಳೆಯ ಯಂತ್ರವು ಹಾಳೆ ಪಡೆದೊಡನೆ, ಕರೆ ಇನ್ನೂ ನಡೆದಿರುವಾಗಲೇ, 'ಮುಟ್ಟಿತು' ಎಂಬ ಸಂಕೇತವನ್ನು ಹಿಂದಕ್ಕೆ ಕಳುಹಿಸುತ್ತಿತ್ತು. ಕಚೇರಿಗಳು ಫ್ಯಾಕ್ಸಿನ ಮೇಲಿಟ್ಟ ವಿಶ್ವಾಸಕ್ಕೆ ಆ ಸಂಕೇತದಿಂದ ಅಚ್ಚಾಗುವ ಚೀಟಿಯೇ ಆಧಾರ. ಈಗಲೂ ಆ ಚೀಟಿ ಬರುತ್ತದೆ. ಆದರೆ ಅದನ್ನು ಕೊಡುವುದು ಸರ್ವರ್. ಅಲ್ಲಿಂದ ವೈದ್ಯರ ಇ-ಮೇಲಿಗೆ ಹೋಗುವ ಕೊನೆಯ ಹಾದಿಯ ಸಾಕ್ಷ್ಯ ಆ ಚೀಟಿಯಲ್ಲಿ ಇರುವುದಿಲ್ಲ. ಅದು ಬೇಕಾದವರು ಸರ್ವರಿನ ದಿನಚರಿಯನ್ನು ತೆರೆದು ನೋಡಬೇಕು.