ಜನರಿಗಿಂತ ಹಸುಗಳೇ ಹೆಚ್ಚಿರುವ ಊರು: ಬೆತ್ಸುಕಾಯ್ ಕಲಿಸುವ ಪಾಠ



ಜಪಾನ್ ಎಂದೊಡನೆ ನಮಗೆ ಕಾರು, ರೈಲು, ರೇಡಿಯೋ ನೆನಪಾಗುತ್ತವೆ. ಆದರೆ ಆ ದೇಶದ ಉತ್ತರ ತುದಿಯ ಹೊಕ್ಕೈಡೋ ದ್ವೀಪದಲ್ಲಿ ಬೆತ್ಸುಕಾಯ್ ಎಂಬ ಹಳ್ಳಿಗಾಡಿನ ಪಟ್ಟಣವಿದೆ. ಇದರ ವಿಸ್ತೀರ್ಣ ಸುಮಾರು 1,320 ಚದರ ಕಿಲೋಮೀಟರ್. ಜನಸಂಖ್ಯೆ 15,000ಕ್ಕಿಂತ ಕಡಿಮೆ, ದನಗಳ ಸಂಖ್ಯೆ 1 ಲಕ್ಷಕ್ಕಿಂತ ಹೆಚ್ಚು. ಜಪಾನಿನಲ್ಲಿ ಅತಿ ಹೆಚ್ಚು ಹಾಲು ಉತ್ಪಾದಿಸುವ ಊರೆಂದು ಇದು ಹೆಸರಾಗಿದೆ.

ಈ ಊರಿಗೆ ಹೈನುಗಾರಿಕೆ ಸುಲಭವಾಗಿ ಒಲಿದು ಬರಲಿಲ್ಲ. ಬೇಸಿಗೆಯಲ್ಲೂ ಸಮುದ್ರದ ಮಂಜು ಕವಿಯುವ ಚಳಿ ಸೀಮೆಯಿದು. ಇಲ್ಲಿ ಭತ್ತ ಬೆಳೆಯದು, ಕಾಳುಬೆಳೆಗಳು ಪದೇ ಪದೇ ಕೈಕೊಟ್ಟವು. ಚೆನ್ನಾಗಿ ಬೆಳೆಯುವುದು ಹುಲ್ಲು ಮಾತ್ರ ಎಂದು ಕಂಡುಕೊಂಡ ರೈತರು ಹಸುವನ್ನೇ ನಂಬಿದರು. ಬೇಸಿಗೆಯ ಹುಲ್ಲನ್ನು ಕೊಯ್ದು, ಒಣಹುಲ್ಲು ಮತ್ತು ರಸಮೇವು ಮಾಡಿ, ಹಿಮ ಬೀಳುವ ದೀರ್ಘ ಚಳಿಗಾಲಕ್ಕೆ ಕೂಡಿಡುವುದೇ ಅಲ್ಲಿಯ ಬದುಕು.

ಮೊದಲ ಪಾಠ: ರೋಗ

1950ರ ದಶಕದ ಮಧ್ಯಭಾಗದಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಇಲ್ಲಿ ಕಾಡು ಕಡಿದು 'ಪೈಲಟ್ ಫಾರ್ಮ್' ಎಂಬ ಯೋಜನೆ ಆರಂಭವಾಯಿತು. ಹೊಸದಾಗಿ ನೆಲೆಸಿದ ರೈತರಿಗೆ ಆಸ್ಟ್ರೇಲಿಯಾದಿಂದ ಜರ್ಸಿ ಹಸುಗಳನ್ನು ತರಿಸಿಕೊಟ್ಟರು. ಹಸುಗಳ ಜೊತೆಗೆ ಕಂದುರೋಗವೂ ಬಂತು. ಗಬ್ಬದ ಹಸುಗಳು ಕಂದು ಹಾಕಿದವು. ರೋಗ ತಗುಲಿದವನ್ನು ಕೊಲ್ಲಬೇಕಾಯಿತು. ಸಾಲದ ಕಂತು ಮಾತ್ರ ಹಾಗೆಯೇ ಉಳಿಯಿತು.

ಈ ರೋಗ ಮನುಷ್ಯರಿಗೂ ಅಂಟುತ್ತದೆ. ಆದುದರಿಂದ ಸದಸ್ಯರು ಗಮನಿಸಬೇಕಾದ ಅಂಶಗಳು:

1. ಹೊರಗಿನಿಂದ ತಂದ ರಾಸನ್ನು ರಕ್ತಪರೀಕ್ಷೆ ಆಗುವವರೆಗೆ ಬೇರೆ ಕಟ್ಟಿರಿ.
2. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಒಮ್ಮೆ ಕಂದುರೋಗದ ಲಸಿಕೆ ಹಾಕಿಸಿರಿ. ಗಬ್ಬದ ಹಸುವಿಗೆ ಹಾಕಿಸಬಾರದು.
3. ಕಂದು ಹಾಕಿದ ಕರು ಮತ್ತು ಮಾಸನ್ನು ಬರಿಗೈಯಲ್ಲಿ ಮುಟ್ಟದೆ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ನಾಯಿಗೆ ಎಸೆಯಬೇಡಿ.
4. ಹಸಿ ಹಾಲು ಕುಡಿಯದೆ ಕಾಯಿಸಿಯೇ ಕುಡಿಯಿರಿ.

ಎರಡನೆಯ ಪಾಠ: ಸಾಲ

1973ರಲ್ಲಿ 'ಹೊಸ ಹೈನು ಗ್ರಾಮ' ಎಂಬ ಮತ್ತೊಂದು ದೊಡ್ಡ ಯೋಜನೆ ಶುರುವಾಯಿತು. ದೊಡ್ಡ ಕೊಟ್ಟಿಗೆ, ದೊಡ್ಡ ಯಂತ್ರ, ಹೆಚ್ಚು ಹಸು, ಅದಕ್ಕೆ ತಕ್ಕಂತೆ ದೊಡ್ಡ ಸಾಲ. ಅದೇ ವರ್ಷ ಜಗತ್ತಿನಲ್ಲಿ ತೈಲದ ಬೆಲೆ ಏರಿ ಖರ್ಚು ಹೆಚ್ಚಿತು. 1979ರಿಂದ ಹಾಲು ಹೆಚ್ಚಾಯಿತೆಂದು ಉತ್ಪಾದನೆಗೇ ಮಿತಿ ಹಾಕಲಾಯಿತು. 2006ರಲ್ಲಿ ಹೊಕ್ಕೈಡೋದಲ್ಲಿ ಕೊಳ್ಳುವವರಿಲ್ಲದ ಹಾಲನ್ನು ಚೆಲ್ಲಿದ್ದೂ ಉಂಟು. ಹಾಲಿನ ಕ್ಯಾನು ತುಂಬಿದ ಮಾತ್ರಕ್ಕೆ ಮನೆ ತುಂಬುವುದಿಲ್ಲ. ಹಸು ಕೊಳ್ಳುವ ಮೊದಲು ಬತ್ತಿದ ತಿಂಗಳುಗಳ ಕಂತನ್ನು ಯಾವುದರಿಂದ ಕಟ್ಟುವೆವು ಎಂದು ಲೆಕ್ಕ ಹಾಕಿರಿ.

ಮೂರನೆಯ ಪಾಠ: ಸೆಗಣಿ

ಹಸು ಹೆಚ್ಚಿದಂತೆ ಸೆಗಣಿ, ಗಂಜಲವೂ ಹೆಚ್ಚಿತು. ಹುಲ್ಲುಗಾವಲು ಹೀರಿ ಮಿಕ್ಕಿದ್ದು ಹೊಳೆ ಸೇರಿತು. ಅಲ್ಲಿಯ ಹೊಳೆಗಳು ಸಾಲ್ಮನ್ ಮೀನಿಗೆ ಹೆಸರಾದವು. ಮೀನುಗಾರರು ಚಿಂತೆಗೀಡಾದರು. ಒಬ್ಬರ ಕೊಟ್ಟಿಗೆಯ ಕೊಳೆ ಇನ್ನೊಬ್ಬರ ಅನ್ನಕ್ಕೆ ಕುತ್ತಾಗಬಾರದೆಂಬ ಅರಿವು ಮೂಡಿತು. ಈಗ ಆ ಊರಿನಲ್ಲಿ ಸೆಗಣಿಯಿಂದ ಅನಿಲ ತೆಗೆದು ವಿದ್ಯುತ್ ಮಾಡುವ ದೊಡ್ಡ ಸ್ಥಾವರವಿದೆ. ಉಳಿದ ಬಗ್ಗಡ ಹುಲ್ಲಿಗೆ ಗೊಬ್ಬರ. ನಮ್ಮಲ್ಲಿ ಎರಡು ಮೂರು ಹಸುಗಳಿದ್ದರೂ ಗೋಬರ್ ಗ್ಯಾಸ್ ಗುಂಡಿ ಇದೇ ಕೆಲಸ ಮಾಡುತ್ತದೆ.

ಕೊನೆಯ ಮಾತು

ಅಲ್ಲಿಯೂ ಮಕ್ಕಳು ಊರು ಬಿಡುತ್ತಿದ್ದಾರೆ. ಅದಕ್ಕಾಗಿ 1997ರಲ್ಲಿ ತರಬೇತಿ ಫಾರ್ಮೊಂದನ್ನು ತೆರೆದು, ಹೈನುಗಾರಿಕೆಗೆ ಹೊಸದಾಗಿ ಬರುವವರಿಗೆ ಕೆಲಸ ಕಲಿಸುತ್ತಿದ್ದಾರೆ. ರೈತರಿಗೆ ರಜೆ ಬೇಕಾದ ದಿನ ಹಾಲು ಕರೆಯಲು ಬದಲಿ ಸಹಾಯಕರು ಬರುವ ಏರ್ಪಾಡೂ ಜಪಾನಿನಲ್ಲಿದೆ. ಹಸು ಸಾಕುವ ಮನೆಯವರಿಗೂ ಒಂದು ದಿನದ ಬಿಡುವು ಬೇಕೆಂಬುದು ಅದರ ಹಿಂದಿನ ಮಾತು. ನಮ್ಮಲ್ಲಿ ಎರಡು ಹೊತ್ತೂ ಕೊಟ್ಟಿಗೆಯಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಲು:

1. ನಮ್ಮೂರಿನ ಎಷ್ಟು ಹೆಣ್ಣು ಕರುಗಳಿಗೆ ಕಂದುರೋಗದ ಲಸಿಕೆ ಆಗಿದೆ?
2. ನಮ್ಮ ಮೇವಿಗೆ ತಕ್ಕಷ್ಟೇ ಹಸುಗಳಿವೆಯೇ?
3. ಮನೆಯಲ್ಲಿ ಕಾಯಿಲೆ ಬಿದ್ದ ದಿನ ಹಾಲು ಕರೆಯುವವರು ಯಾರು?