ಆರು ಊರು ಬೇಡ, ಒಂದು ಕಿಟಕಿ ಸಾಕು

ವಿಜಯಪುರ ಸೀಮೆಯ ಮುಳವಾಡದ ಹೊರಗೆ ನಿಂತು ನೋಡಿದರೆ ಕಾಣುವುದು ಎರಿ ಹೊಲ, ಬದುವಿನ ಮೇಲೊಂದು ಬೇವು, ಹಳ್ಳದ ದಂಡೆಗೆ ಜಾಲಿ, ಈಗೀಗ ಏತ ನೀರಾವರಿಯ ಕಾಲುವೆ. ಆದರೆ ಎಂಟನೇ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ‘ನಿಮ್ಮೂರ ಚಿತ್ರ ತಗೀರಿ’ ಎಂದು ಹೇಳಿ ನೋಡಿ. ಎರಡು ಮುಕ್ಕೋನದ ಗುಡ್ಡ, ಅವುಗಳ ನಡುವೆ ಹುಟ್ಟುವ ಸೂರ್ಯ, ಗುಡ್ಡದಿಂದ ಇಳಿದು ಬರುವ ಹೊಳೆ, ದಂಡೆಗೆ ತೆಂಗಿನ ಮರ, ಹೆಂಚಿನ ಮನೆ. ಮಣ್ಣಿನ ಮಾಳಿಗೆಯ ಕೆಳಗೆ ಹುಟ್ಟಿ ಬೆಳೆದ ಹುಡುಗನೂ ಹೆಂಚಿನ ಮನೆಯನ್ನೇ ತೆಗೆಯುತ್ತಾನೆ. ಚಿತ್ರ ಅಂದರೆ ಇದೇ ಎಂದು ಕೆಳಗಿನ ತರಗತಿಯಿಂದ ಕಂಡು ಬಂದಿದ್ದಾನೆ. ಎದುರಿಗಿರುವುದನ್ನು ನೋಡಿ ತೆಗೆ ಎಂದು ಅವನಿಗೆ ಯಾರೂ ಹೇಳಿಲ್ಲ.

ಈ ಸೀಮೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿ ನಾನು ಕಲಿತದ್ದೆಲ್ಲ ಈ ಗುಡ್ಡ ಮತ್ತು ತೆಂಗಿನ ಮರದಿಂದ ಶುರುವಾಯಿತು. ಮಕ್ಕಳ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗಲೂ, ಪ್ರವಾಸಕ್ಕೆ ಊರು ಆರಿಸುವಾಗಲೂ ನನಗೆ ದಾರಿ ತೋರಿಸಿದ್ದು ಒಂದೇ ಮಾತು: ಮಗು ಮೊದಲು ತನ್ನ ಅಂಗಳವನ್ನು ನೋಡಿರಬೇಕು. ಅಂಗಳ ನೋಡದ ಕಣ್ಣಿಗೆ ಬಾದಾಮಿಯೂ ಒಂದೇ, ಬಸ್ ನಿಲ್ದಾಣವೂ ಒಂದೇ.

ಹಾಗಾಗಿ ನಮ್ಮ ವರ್ಷ ಮಣ್ಣಿನಿಂದ ಆರಂಭವಾಗುತ್ತದೆ. ಶಾಲೆ ತೆರೆದ ಕೆಲವೇ ದಿನಗಳಲ್ಲಿ ಕಾರಹುಣ್ಣಿಮೆ, ಅದರ ಹಿಂದೆಯೇ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಮನೆಯಲ್ಲಿ ಹೇಗೂ ಮಾಡುವುದನ್ನೇ ಶಾಲೆಗೆ ತರಿಸುತ್ತೇನೆ. ನಮ್ಮ ಎರಿ ಮಣ್ಣು ಒಣಗುವಾಗ ಬಿರಿಯುತ್ತದೆ, ಎತ್ತಿನ ಕಾಲು ಉದುರುತ್ತದೆ, ಕೋಡು ಸೀಳುತ್ತದೆ. ಅದಕ್ಕೆ ಪರಿಹಾರ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಮನೆಯ ಅಜ್ಜಿಯನ್ನು ಕೇಳಿಕೊಂಡು ಬಾ ಎಂದರೆ ಮರುದಿನ ಹುಡುಗಿ ಮಣ್ಣಿನ ಜತೆ ಒಂದು ಹಿಡಿ ಹಿಂಜಿದ ಹತ್ತಿಯನ್ನೂ ತರುತ್ತಾಳೆ. ಹತ್ತಿಯ ಎಳೆ ಮಣ್ಣನ್ನು ಹಿಡಿದುಕೊಳ್ಳುತ್ತದೆ ಎಂದು ಅಜ್ಜಿ ಹೇಳಿರುತ್ತಾಳೆ. ಅವತ್ತು ತರಗತಿಗೆ ಪಾಠ ಮಾಡಿದ್ದು ಆ ಅಜ್ಜಿ.

ಬಣ್ಣವನ್ನೂ ಮಣ್ಣಿನಿಂದಲೇ ಮಾಡುತ್ತೇವೆ. ಮಣ್ಣನ್ನು ಬಕೆಟ್ಟಿನಲ್ಲಿ ಕಲಕಿ, ಹರಳು ತಳಕ್ಕೆ ಇಳಿಯುವವರೆಗೆ ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಕೆಸರು ನೀರನ್ನು ಹಳೆಯ ಧೋತರದಲ್ಲಿ ಸೋಸಬೇಕು. ಸೋಸಿದ ನೀರನ್ನು ರಾತ್ರಿಯಿಡೀ ಅಲುಗಿಸದೆ ಇಟ್ಟರೆ ತಿಳಿನೀರು ಮೇಲೆ, ನುಣ್ಣನೆ ಕೆನೆಯಂಥ ಮಣ್ಣು ಕೆಳಗೆ. ತಿಳಿ ಬಸಿದು, ಮಣ್ಣನ್ನು ತಾಟಿನಲ್ಲಿ ಒಣಗಿಸಿ, ಅರೆದು ಪುಡಿ ಮಾಡಬೇಕು. ಅಂಟಿಗೆ ಜಾಲಿ ಗಿಡದ ಗೋಂದು. ಹಿಂದಿನ ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಕರಗಿರುತ್ತದೆ. ಗೋಂದು ಕಡಿಮೆಯಾದರೆ ಬಣ್ಣ ಒಣಗಿದ ಮೇಲೆ ಬೆರಳಿಗೆ ಹತ್ತುತ್ತದೆ, ಹೆಚ್ಚಾದರೆ ಹಾಳೆಯ ಮೇಲೆ ಪದರ ಸಿಡಿಯುತ್ತದೆ. ಎಷ್ಟು ಬೇಕು ಎಂಬುದನ್ನು ಮಕ್ಕಳೇ ಕೈಯಿಂದ ಕಂಡುಕೊಳ್ಳುತ್ತಾರೆ. ಸುಣ್ಣ, ಅರಿಷಿಣ, ಒಲೆಯ ಮಸಿ ಸೇರಿದರೆ ನಮ್ಮ ಪೆಟ್ಟಿಗೆ ತುಂಬಿತು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ನಂದಲಾಲ್ ಬೋಸ್ ರೈತರನ್ನೂ ಕಸುಬುದಾರರನ್ನೂ ಚಿತ್ರಿಸಿದ್ದು ಇಂಥ ಮಣ್ಣಿನ ಬಣ್ಣಗಳಲ್ಲೇ. ಇದನ್ನು ಹೇಳಿದಾಗ ಮಕ್ಕಳು ತಮ್ಮ ಬಕೆಟ್ಟಿನ ಕಡೆ ನೋಡುವ ನೋಟವೇ ಬದಲಾಗುತ್ತದೆ. ಬಣ್ಣದ ಡಬ್ಬಿ ಕೊಳ್ಳಲಾಗದ ಮಗುವಿಗೆ ಇದು ಬರೀ ಉಳಿತಾಯವಲ್ಲ, ಮಾನದ ಸಂಗತಿ.

ಇನ್ನು ಕೌದಿ. ನಮ್ಮ ಕಡೆ ಕೌದಿ ಇಲ್ಲದ ಮನೆ ಇಲ್ಲ, ತಾಂಡಾದ ಮಕ್ಕಳ ಮನೆಯಲ್ಲಿ ಅದರ ಜತೆಗೆ ಲಂಬಾಣಿ ಕಸೂತಿ. ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಚೌಕ, ಮುಕ್ಕೋನ ಮಾಡಿ ಹೊಂದಿಸುವಾಗ ಅವ್ವಂದಿರು ಲೆಕ್ಕ ಹಾಕುವ ರೀತಿ ಯಾವ ವಿನ್ಯಾಸ ಪಾಠಕ್ಕೂ ಕಡಿಮೆಯಲ್ಲ. ಮಕ್ಕಳು ತಮ್ಮ ಮನೆಯ ಕೌದಿಯ ಒಂದು ಮೂಲೆಯನ್ನು ಮಾತ್ರ ಚೌಕದ ಹಾಳೆಯ ಮೇಲೆ ಅಳೆದು ಬರೆದು ತರಬೇಕು. ಇಡೀ ಕೌದಿ ಬೇಡ, ಒಂದು ಮೂಲೆ ಸಾಕು. ಈ ಅಭ್ಯಾಸ ಮುಂದೆ ಪ್ರವಾಸದಲ್ಲಿ ಕೈ ಹಿಡಿಯುತ್ತದೆ.

ಈಗ ಪ್ರವಾಸದ ಮಾತು. ಡಿಸೆಂಬರ್ ಬಂತೆಂದರೆ ನಮ್ಮ ಭಾಗದ ರಸ್ತೆಗಳಲ್ಲಿ ಶಾಲೆಗಳ ಬಸ್ಸುಗಳೇ. ಬೆಳಕು ಹರಿಯುವ ಮುನ್ನ ಹೊರಟು ಗೋಳಗುಮ್ಮಟ, ಆಲಮಟ್ಟಿ, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ ಎಲ್ಲವನ್ನೂ ಮುಗಿಸಿ ಮಧ್ಯರಾತ್ರಿ ಊರು ಸೇರುತ್ತವೆ. ಮಕ್ಕಳಿಗೆ ಅದರ ಖುಷಿ ಇದ್ದೇ ಇದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಮರುದಿನ ‘ಏನು ನೋಡಿದ್ರಿ’ ಎಂದರೆ ಮಂಗ ಬುತ್ತಿಯ ಚೀಲ ಕಸಿದುಕೊಂಡು ಹೋದದ್ದು, ಯಾರೋ ವಾಂತಿ ಮಾಡಿಕೊಂಡದ್ದು, ಆಲಮಟ್ಟಿಯ ಕಾರಂಜಿ ಮಾತ್ರ ಹೇಳುತ್ತಾರೆ. ಚಿತ್ರಕಲೆಯ ಪ್ರವಾಸ ಹೀಗಾಗಬಾರದು. ಅದಕ್ಕೆ ಒಂದು ದಿನಕ್ಕೆ ಒಂದೇ ಊರು, ಆ ಊರಿನಲ್ಲೂ ಒಂದೋ ಎರಡೋ ಕಟ್ಟಡ ಎಂಬುದು ನಮ್ಮ ಪದ್ಧತಿ.

ವಿಜಯಪುರಕ್ಕೆ ಹೊರಡುವ ವಾರ ಶಾಲೆಯ ಮೈದಾನದಲ್ಲಿ ಗೋಳಗುಮ್ಮಟ ಕಟ್ಟುತ್ತೇವೆ. ಬೇಕಾದದ್ದು ಹಗ್ಗ, ಗೂಟ ಮತ್ತು ಆಟದ ಮಾಸ್ತರರ ಬಳಿಯ ಸುಣ್ಣದ ಪುಡಿ. ಒಳಹಜಾರದ ಒಂದೊಂದು ಬದಿ ಸುಮಾರು 135 ಅಡಿ. ಹತ್ತರಲ್ಲೊಂದು ಪಾಲು ಮಾಡಿ ಹದಿಮೂರೂವರೆ ಅಡಿಯ ಚೌಕ ಹಾಕುತ್ತೇವೆ. ಮೂಲೆಯಿಂದ ಮೂಲೆಗೆ ಹಗ್ಗ ಎಳೆದು ನಡುಮಧ್ಯ ಗುರುತಿಸಬೇಕು. ಆಮೇಲೆ ಒಂದು ಮೂಲೆಯಲ್ಲಿ ಗೂಟ ಹೊಡೆದು, ಅಲ್ಲಿಂದ ನಡುಮಧ್ಯದವರೆಗಿನ ಉದ್ದದ ಹಗ್ಗವನ್ನು ತಿರುಗಿಸಿದರೆ ಅದು ಎರಡು ಬದಿಗಳನ್ನು ಮುಟ್ಟುತ್ತದೆ. ನಾಲ್ಕೂ ಮೂಲೆಯಿಂದ ಹೀಗೆ ಮಾಡಿದರೆ ಎಂಟು ಗುರುತು. ಒಂದು ಬಿಟ್ಟು ಒಂದರಂತೆ ಸೇರಿಸುತ್ತ ಹೋದರೆ ಒಂದರ ಮೇಲೊಂದು ಓರೆಯಾಗಿ ಕುಳಿತ ಎರಡು ಚೌಕಗಳು ಮೂಡುತ್ತವೆ. ಅವುಗಳ ಒಳಗೆ ಎಂಟು ಮೂಲೆಯ ಆಕಾರ, ಅದರೊಳಗೆ ಸುಮಾರು ಹತ್ತು ಅಡಿ ಅಗಲದ ದುಂಡು. ಗಣಿತದ ಮೇಡಂ ಕೂಡ ಬಂದು ಹಗ್ಗ ಹಿಡಿಯುತ್ತಾರೆ.

ಪ್ರವಾಸದ ದಿನ ಗುಮ್ಮಟದ ಹಜಾರದಲ್ಲಿ ನಿಂತು ತಲೆ ಎತ್ತಿದಾಗ ಮಕ್ಕಳಿಗೆ ಆ ಗೆರೆಗಳೇ ಕಲ್ಲಿನ ಕಮಾನುಗಳಾಗಿ ಕಾಣುತ್ತವೆ. ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳು ಚೌಕವನ್ನು ಮೆಲ್ಲಗೆ ದುಂಡಾಗಿಸಿ, ಹೊರಗಿನಿಂದ ಸುಮಾರು 144 ಅಡಿ ಅಗಲದ ಗುಮ್ಮಟವನ್ನು ನಡುವೆ ಒಂದೂ ಕಂಬವಿಲ್ಲದೆ ಹೊತ್ತಿವೆ. ‘ಸರ್, ನಾವು ಸುಣ್ಣದಾಗ ಹಾಕಿದ್ದು ಅಲ್ಲಿ ಮ್ಯಾಲ ಐತಲ್ರೀ!’ ಎಂದು ಒಬ್ಬ ಹುಡುಗ ಕೂಗಿದ್ದು ಎಲ್ಲ ಗೋಡೆಗಳಿಂದ ತಿರುಗಿ ಬಂತು. ಈ ಗೋರಿಯ ದೊರೆ ಮುಹಮ್ಮದ್ ಆದಿಲ್ ಶಾ ತೀರಿಕೊಂಡ 1656ನೇ ಇಸವಿಯನ್ನು ಅವರು ಮರೆಯಬಹುದು. ಚೌಕದ ಮೇಲೆ ದುಂಡು ಕೂರಿಸುವುದು ಹೇಗೆ ಎಂಬುದನ್ನು ಮರೆಯಲಾರರು. ಪಿಸುಗುಟ್ಟುವ ಗ್ಯಾಲರಿಗೆ ಹತ್ತುವುದು ಇದಾದ ಮೇಲೆ. ಮೊದಲೇ ಹತ್ತಿಸಿದರೆ ಕೂಗಾಟದಲ್ಲೇ ದಿನ ಕಳೆದುಹೋಗುತ್ತದೆ.

ಮಧ್ಯಾಹ್ನ ಇಬ್ರಾಹಿಂ ರೋಜಾ. ಎರಡನೆಯ ಇಬ್ರಾಹಿಂ ಆದಿಲ್ ಶಾನ ಈ ಗೋರಿಯ ಕಿಟಕಿಗಳಲ್ಲಿ ಅಕ್ಷರಗಳನ್ನೇ ಕಲ್ಲಿನ ಜಾಲರಿಯಾಗಿ ಕೊರೆದಿದ್ದಾರೆ, ಬೆಳಕು ಅಕ್ಷರದ ಸಂದುಗಳಿಂದ ಒಳಗೆ ಬರುತ್ತದೆ. ಇಲ್ಲಿ ನನ್ನ ನಿಯಮ ಎರಡೇ. ಒಬ್ಬರಿಗೆ ಒಂದೇ ಕಿಟಕಿ, ಅಥವಾ ಬಾಗಿಲ ಮೇಲಿನ ಒಂದು ಪಟ್ಟಿ, ಅಥವಾ ಒಂದು ಕಂಬದ ಬುಡ. ರಬ್ಬರನ್ನು ಯಾರೂ ತರುವಂತಿಲ್ಲ. ರಬ್ಬರ್ ಇದ್ದರೆ ಮಗು ಕಟ್ಟಡ ನೋಡುವುದಕ್ಕಿಂತ ತನ್ನ ಗೆರೆ ಅಳಿಸುವುದರಲ್ಲೇ ಮುಳುಗುತ್ತದೆ. ಇಲ್ಲದಿದ್ದರೆ ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಹಾಕುತ್ತದೆ, ಎರಡೂ ಹಾಳೆಯ ಮೇಲೆ ಉಳಿಯುತ್ತವೆ. ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಕೆಲಸವನ್ನು ಸ್ಮಾರಕದ ಕಲ್ಲಿನ ಮೇಲೆ ಮಾಡಿಸುವುದೇ ಇಲ್ಲ. ಅದಕ್ಕೆ ಊರಿನ ಬೀಸುಕಲ್ಲು, ಬೇವಿನ ತೊಗಟೆ ಇವೆ.

ಅಲ್ಲೊಮ್ಮೆ ಒಬ್ಬ ಹುಡುಗಿ ನಕ್ಷತ್ರದ ಪಟ್ಟಿಯೊಂದನ್ನು ತೆಗೆಯುತ್ತಿದ್ದವಳು ತಟ್ಟನೆ ಪೆನ್ಸಿಲ್ ಕೆಳಗಿಟ್ಟಳು. ‘ಸರ್, ಹಿಂಗ ಮುಕ್ಕೋನ ಜೋಡಿಸೂದು ನಮ್ಮವ್ವಗೂ ಬರ್ತದ್ರೀ. ಕೌದ್ಯಾಗ ಹಾಕ್ಯಾಳ.’ ಅರಮನೆಯ ಕುಶಲಿಗೂ ತನ್ನ ಅವ್ವನಿಗೂ ನಡುವೆ ಆ ಮಗು ತಾನೇ ದಾರಿ ಹಾಕಿಕೊಂಡಿತು. ಕೌದಿಯ ಮೂಲೆಯನ್ನು ಮೊದಲು ಅಳೆದಿರದಿದ್ದರೆ ಆ ಮಾತು ಅವಳ ಬಾಯಿಗೆ ಬರುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಸ್ಮಾರಕಗಳ ಗೋಡೆಗಳ ಮೇಲೆ ಹೃದಯದ ಗುರುತು, ಹೆಸರು, ಮೊಬೈಲ್ ನಂಬರು ಕೆತ್ತಿದ್ದನ್ನು ಎಲ್ಲರೂ ಕಂಡಿದ್ದೇವೆ. ವಿಜಯಪುರದಿಂದ ಸಿಂದಗಿ ದಾರಿಯಲ್ಲಿರುವ ಕುಮಟಗಿಯ ಜಲಮಹಲಿನಲ್ಲಿ ಕುಸ್ತಿಯ, ಕುದುರೆಯ ಮೇಲೆ ಚೆಂಡಾಡುವವರ ಚಿತ್ರಗಳು ಎಷ್ಟು ಹಾಳಾಗಿವೆ ಎಂದು ನೋಡಿದರೆ ಹೊಟ್ಟೆ ಉರಿಯುತ್ತದೆ. ಗೋಡೆ ಗೀಚಬೇಡಿ ಎಂಬ ಭಾಷಣದಿಂದ ಏನೂ ಆಗುವುದಿಲ್ಲ. ಒಂದು ಕಿಟಕಿಯ ಮುಂದೆ ತಾಸುಗಟ್ಟಲೆ ಕುಳಿತು ಅದನ್ನು ಹಾಳೆಗೆ ಇಳಿಸಲು ಒದ್ದಾಡಿದ ಮಗು ಆ ಗೋಡೆಗೆ ಮೊಳೆ ತಾಗಿಸುವುದನ್ನು ನಾನು ಕಂಡಿಲ್ಲ. ಬೇರೆಯವರು ಗೀಚಲು ಹೋದರೆ ಇವರೇ ಜಗಳಕ್ಕೆ ನಿಲ್ಲುತ್ತಾರೆ.

ಬಾದಾಮಿಗೆ ನಮ್ಮ ಕಡೆಯಿಂದ ರೈಲು ಚೆನ್ನ. ಗದಗಿನ ಹಳಿ ಮುಳವಾಡ, ಆಲಮಟ್ಟಿ, ಬಾಗಲಕೋಟೆ ದಾಟಿ ಬಾದಾಮಿಗೆ ಹೋಗುತ್ತದೆ. ಕಿಟಕಿಯ ಪಕ್ಕ ಕುಳಿತ ಮಕ್ಕಳಿಗೆ ಮಣ್ಣಿನ ಬಣ್ಣ ಬರೆದುಕೊಳ್ಳುತ್ತ ಹೋಗಿ ಎನ್ನುತ್ತೇನೆ. ಕೃಷ್ಣೆಯ ಈಚೆ ಕರಿಮಣ್ಣು, ಕರಿಗಲ್ಲು. ಆಚೆ ಹೋಗುತ್ತ ಹೋಗುತ್ತ ಮಣ್ಣು ಕೆಂಪಾಗುತ್ತದೆ, ಬಾದಾಮಿಯಲ್ಲಿ ಬಂಡೆಯೇ ಕೆಂಪು ಮರಳುಗಲ್ಲು. ವಿಜಯಪುರದವರು ಕರಿಗಲ್ಲನ್ನು ಕಡಿದು ಜೋಡಿಸಿ ಕಟ್ಟಿದರು, ಬಾದಾಮಿಯವರು ಬಂಡೆಯನ್ನೇ ಒಳಗೆ ಕೊರೆದು ಕಂಬ ಉಳಿಸಿದರು. ಕಲ್ಲು ಹೇಗೋ ಕಲೆ ಹಾಗೆ ಎಂಬುದು ಒಂದೇ ದಿನದಲ್ಲಿ ತಿಳಿಯುತ್ತದೆ. ಗುಹೆಗಳಲ್ಲಿ ನಾವು ಎರಡು ಕಡೆ ಮಾತ್ರ ಕೂರುತ್ತೇವೆ. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜನ ಮುಂದೆ, ಮಂಗಳೇಶ 578ರಲ್ಲಿ ಶಾಸನ ಹಾಕಿಸಿದ ಮೂರನೆಯದರಲ್ಲಿ. ವಾಪಸ್ ಬರುವಾಗ ಊರ ಹೊರಗಿನ ಹೊಲದ ಬದುವಿನಿಂದ, ರೈತನನ್ನು ಕೇಳಿ, ಒಂದು ಹಿಡಿ ಕೆಮ್ಮಣ್ಣು. ಅದೇ ಮುಂದಿನ ತಿಂಗಳಿಗೆ ಬಣ್ಣ.

ಯಾವಾಗ ಹೋಗಬೇಕು ಎಂಬುದು ಎಲ್ಲಿಗೆ ಹೋಗಬೇಕು ಎಂಬಷ್ಟೇ ಮುಖ್ಯ. ದೀಪಾವಳಿ ಆಗುತ್ತಲೇ ಕಬ್ಬು ಕಡಿಯಲು ಅಪ್ಪ ಅವ್ವಂದಿರು ಗುಳೆ ಹೋಗುತ್ತಾರೆ, ಮಕ್ಕಳೂ ಜತೆಗೆ. ಊರಲ್ಲಿ ಉಳಿದವರು ಹತ್ತಿ ಬಿಡಿಸಲು ಹೋಗುತ್ತಾರೆ. ಡಿಸೆಂಬರಿನ ಪ್ರವಾಸದಲ್ಲಿ ತಾಂಡಾದ ಮಕ್ಕಳು, ಕೂಲಿಯವರ ಮಕ್ಕಳು ಸಿಗುವುದು ಅಪರೂಪ. ಶ್ರಾವಣದ ಹೊತ್ತಿಗೆ ಹೊರಟರೆ ಎಲ್ಲರೂ ಇರುತ್ತಾರೆ, ಬಿಸಿಲೂ ಹದವಾಗಿರುತ್ತದೆ. ಖರ್ಚೂ ಕಡಿಮೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ, ಗುರುತಿನ ಚೀಟಿ ಇದ್ದರಾಯಿತು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಬೆಳಿಗ್ಗೆ ಹೋಗಿ ಸಂಜೆ ದೀಪ ಹಚ್ಚುವುದರೊಳಗೆ ಮನೆಗೆ ಬರುವುದಾದರೆ ಹುಡುಗಿಯರನ್ನು ಕಳಿಸಲು ಹಿಂದೆಮುಂದೆ ನೋಡುವ ಪಾಲಕರೂ ಸಹಿ ಹಾಕುತ್ತಾರೆ.

ಬಂದ ಮೇಲೆ ಪ್ರಬಂಧ ಬರೆಸುವುದಿಲ್ಲ. ಶಾಲೆಯ ಪಡಸಾಲೆಯಲ್ಲಿ ಹಗ್ಗ ಕಟ್ಟಿ ಹಾಳೆಗಳನ್ನು ತೂಗುಹಾಕುತ್ತೇವೆ. ಕೌದಿಯ ಮೂಲೆ, ಅದರ ಪಕ್ಕ ರೋಜಾದ ಕಿಟಕಿ. ಕೊನೆಯ ಸಾಲಿನಲ್ಲಿ, ಮಕ್ಕಳು ಮತ್ತೊಮ್ಮೆ ತೆಗೆದ ‘ನಮ್ಮೂರು’. ಅದರಲ್ಲಿ ಈಗ ಮಾಳಿಗೆ ಮನೆ ಇರುತ್ತದೆ, ಬೇವು ಇರುತ್ತದೆ, ಕಾಲುವೆಯ ಗೇಟೂ ಇರುತ್ತದೆ. ಪಾಲಕರು ಹೊಲದಿಂದ ಬರುವ ಹೊತ್ತಿಗೆ, ಸಂಜೆ, ಬಾಗಿಲು ತೆರೆದಿಡಬೇಕು. ಹಗಲಿನಲ್ಲಿ ಪ್ರದರ್ಶನ ಇಟ್ಟರೆ ಯಾರೂ ಬರಲಾಗುವುದಿಲ್ಲ.

ಪ್ರತಿಭಾ ಕಾರಂಜಿಯ ಬಹುಮಾನ, ಗ್ರೇಡ್ ಪರೀಕ್ಷೆಯ ಅಂಕ ಎಲ್ಲವೂ ಬೇಕು, ಅವುಗಳಿಗೂ ತಯಾರಿ ಮಾಡಿಸುತ್ತೇನೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಮುಖ್ಯ ಗುರುಗಳಲ್ಲಿ, ಪಾಲಕರಲ್ಲಿ ನನ್ನದೊಂದು ವಿನಂತಿ. ಈ ಸಲ ಪ್ರವಾಸದ ಪಟ್ಟಿ ನಿಮ್ಮ ಮುಂದೆ ಬಂದಾಗ ಆರು ಊರುಗಳಲ್ಲಿ ಐದನ್ನು ಹೊಡೆದುಹಾಕಿ. ಉಳಿದ ಒಂದು ಊರಿನಲ್ಲಿ ಮಕ್ಕಳಿಗೆ ಕುಳಿತುಕೊಳ್ಳಲು ಮೂರು ತಾಸು, ಕೈಗೊಂದು ರಟ್ಟು, ಒಂದು ಹಾಳೆ, ಒಂದು ಪೆನ್ಸಿಲ್ ಕೊಡಿ. ನಿಮ್ಮ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿ ಇದ್ದರೂ ಚಿಂತೆಯಿಲ್ಲ. ಇದಕ್ಕೆ ಚಿತ್ರ ತೆಗೆಯಲು ಬರಲೇಬೇಕೆಂದಿಲ್ಲ, ಮಕ್ಕಳ ಜತೆ ಅಷ್ಟು ಹೊತ್ತು ಕುಳಿತುಕೊಳ್ಳುವವರು ಒಬ್ಬರಿದ್ದರೆ ಸಾಕು.